ಹೆಂಡತಿಯ ಕೈಯಳತೆಯನ್ನು ನಾನು ತೂಗಿದ್ದು

ಇಪ್ಪತ್ತೆರಡು ವರ್ಷಗಳಿಂದ ನಾನು ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುತ್ತಾ ಬಂದಿದ್ದೇನೆ. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು ಬಾಗಿಲಲ್ಲಿ ಕಂಡರೆ ಸಾಕು, ಎಂಥ ದಿನಸಿ ಅಂಗಡಿಯವನೂ ತಕ್ಕಡಿಯ ತಟ್ಟೆ ಒರೆಸತೊಡಗುತ್ತಾನೆ. ಇಂಥ ನನ್ನ ಸ್ವಂತ ಅಡುಗೆಮನೆಯಲ್ಲೇ ಅಷ್ಟೂ ವರ್ಷಗಳಿಂದ ನಡೆಯುತ್ತಿರುವ ಅಕ್ರಮವನ್ನು ಯಾರ ಮುಂದೆ ಹೇಳಿಕೊಳ್ಳಲಿ? ನನ್ನ ಹೆಂಡತಿ ಉಪ್ಪು ಅಳೆಯುವುದಿಲ್ಲ. ನೀರು ಅಳೆಯುವುದಿಲ್ಲ. ಖಾರದ ಪುಡಿಯನ್ನಂತೂ ಡಬ್ಬದ ಕಡೆ ನೋಡದೆಯೇ ಹಾಕುತ್ತಾಳೆ. (ಊಟ ರುಚಿಯಾಗಿರುತ್ತಿತ್ತು ಎಂಬುದು ಬೇರೆ ವಿಷಯ. ಕಾನೂನಿನ ಪುಸ್ತಕದಲ್ಲಿ ರುಚಿಗೆ ಕಲಮು ಇಲ್ಲ.)

ಇಷ್ಟು ದಿನ ಸುಮ್ಮನಿದ್ದೆ. ಆದರೆ ಮಗಳಿಗೆ ಬೇರೆ ಊರಿನಲ್ಲಿ, ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ ತರಬೇತಿ ಸಿಕ್ಕಿತು. ಒಂದು ಕೋಣೆ, ಒಂದೇ ಉರಿಯ ಒಲೆ, ಕೈಗೆ ಸಣ್ಣದೊಂದು ಭತ್ಯೆ. ದಿನವೂ ಹೋಟೆಲಿನಲ್ಲಿ ತಿಂದರೆ ಭತ್ಯೆ ಹತ್ತನೇ ತಾರೀಕಿಗೆ ಮುಗಿಯುತ್ತದೆ, ಹೊಟ್ಟೆ ಐದನೇ ತಾರೀಕಿಗೇ ಕೆಡುತ್ತದೆ. ಹೊರಡಲು ಹತ್ತು ದಿನವಿತ್ತು. ಅಷ್ಟರಲ್ಲಿ ಅನ್ನ, ಬೇಳೆ, ಒಂದು ಆಲೂಗಡ್ಡೆ ಹುರಿಯುವುದು, ಇಷ್ಟು ಕಲಿತರೆ ಮಗು ಉಪವಾಸ ಬೀಳುವುದಿಲ್ಲ ಎಂದು ನಾವಿಬ್ಬರೂ ಲೆಕ್ಕ ಹಾಕಿದೆವು.

ಮೊದಲ ದಿನದ ಪಾಠ ಹೀಗೆ ನಡೆಯಿತು.

“ಬೇಳೆ ಬೆಂದಮೇಲೆ ಟೊಮೆಟೊ ಹಾಕು. ಆಮೇಲೆ ಉಪ್ಪು.”

“ಎಷ್ಟಮ್ಮ?”

“ಬೇಕಾದಷ್ಟು.”

“ಎಷ್ಟು ಬೇಕು?”

“ಹಾಕುವಾಗ ಗೊತ್ತಾಗುತ್ತೆ.”

“ಗೊತ್ತಾಗ್ಲಿಲ್ಲ ಅಂದ್ರೆ?”

“ತಿನ್ನುವಾಗ ಗೊತ್ತಾಗುತ್ತೆ.”

ಮಗಳು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ಆ ಕ್ಷಣದಲ್ಲೇ ನನಗೆ ಆ ಮಹಾ ಯೋಚನೆ ಹೊಳೆದದ್ದು. ಇನ್ನೂರು ಪುಟದ ನೋಟ್‌ಬುಕ್ಕಿನ ಮೇಲೆ ದಪ್ಪ ಅಕ್ಷರದಲ್ಲಿ ‘ಯುವ ಪಾಕಾರ್ಥಿಗಳಿಗಾಗಿ ಸರಳ, ಮಿತವ್ಯಯದ, ಪ್ರಮಾಣೀಕೃತ ಗೃಹಪಾಕ’ ಎಂದು ಬರೆದೆ. ಚಿನ್ನ ತೂಗುವ ನನ್ನ ಹಳೆಯ ಪುಟ್ಟ ತಕ್ಕಡಿಯನ್ನು ಒಲೆಯ ಪಕ್ಕದಲ್ಲಿ ಪ್ರತಿಷ್ಠಾಪಿಸಿದೆ. ನಿಯಮ ಒಂದೇ: ಹೆಂಡತಿಯ ಕೈಗೆ ಬಂದದ್ದು ಪಾತ್ರೆಗೆ ಬೀಳುವ ಮುಂಚೆ ತಕ್ಕಡಿಯ ಮೇಲೆ ಇಳಿದು ಹೋಗಬೇಕು.

“ಕೈ ಬಿಡಿ ರೀ, ಈರುಳ್ಳಿ ಸೀದು ಹೋಗ್ತಾ ಇದೆ.”

“ಸೀದರೆ ಸೀಯ್ಲಿ. ಉಪ್ಪು ಎಂಟು ಪಾಯಿಂಟ್ ನಾಲ್ಕು ಗ್ರಾಮ್. ಬರ್ಕೋ ಪುಟ್ಟಿ.”

ಮರುದಿನ ಅದೇ ಕೈ, ಅದೇ ಉಪ್ಪು. ತಕ್ಕಡಿ ಹೇಳಿದ್ದು ಹನ್ನೊಂದು ಪಾಯಿಂಟ್ ಎರಡು. ಮೂರನೆಯ ದಿನ ಆರು ಪಾಯಿಂಟ್ ಒಂಬತ್ತು. ಅಂಗಡಿಯವನಾಗಿದ್ದರೆ ಅಲ್ಲೇ ನೋಟಿಸು ಕೊಡುತ್ತಿದ್ದೆ.

“ಯಾಕೆ ದಿನಕ್ಕೊಂದು ತೂಕ?” ಎಂದೆ.

“ನಿನ್ನೆ ಟೊಮೆಟೊ ಹುಳಿ ಇತ್ತು. ಇವತ್ತು ಬೇಳೆ ಕಮ್ಮಿ. ಕಣ್ಣಿಲ್ವಾ ನಿಮಗೆ?”

ನನಗೆ ಕಣ್ಣಿನ ಅಗತ್ಯವಿರಲಿಲ್ಲ, ಗಣಿತವಿತ್ತು. ಮೂರನ್ನೂ ಕೂಡಿಸಿ ಸರಾಸರಿ ತೆಗೆದು, ಎಂಟು ಪಾಯಿಂಟ್ ಎಂಟು ಮೂರು ಗ್ರಾಮ್ ಎಂದು ಕೆಂಪು ಶಾಯಿಯಲ್ಲಿ ಬರೆದು, ಕೆಳಗೆ ಸಹಿ ಹಾಕಿದೆ. ಮಗಳು ಪಾಪ, ತನ್ನೊಬ್ಬಳಿಗೆ ಸಾಕಾಗುವಷ್ಟು ಬೇಳೆ ಬೇಯಿಸಿ, ಅಪ್ಪನ ಸಹಿಗೆ ಬೆಲೆ ಕೊಟ್ಟು, ಮೂರು ಜನರ ಬೇಳೆಗೆ ತೂಗಿದ ಉಪ್ಪನ್ನು ಒಂದು ಹರಳೂ ಬಿಡದೆ ಅದಕ್ಕೆ ಸುರಿದಳು. ಒಂದು ಚಮಚ ಬಾಯಿಗಿಟ್ಟವಳು ನಲ್ಲಿಯ ಕಡೆ ಓಡಿದಳು. ಸರಾಸರಿ ತಪ್ಪಲ್ಲ, ಬೇಳೆ ಕಡಿಮೆಯಾಯಿತು ಎಂದು ನಾನು ವಾದಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಇದಕ್ಕಿಂತ ದೊಡ್ಡ ಅನಾಹುತ ನಾಲ್ಕನೆಯ ದಿನ ಆಯಿತು. ಹೆಂಡತಿ ಉಪ್ಪಿನ ಡಬ್ಬಕ್ಕೆ ಕೈ ಹಾಕಿದಳು, ತೆಗೆದಳು, ಹಾಗೇ ನಿಂತುಬಿಟ್ಟಳು. ಅಂಗೈಯನ್ನು ತಿರುಗಿಸಿ ನೋಡಿಕೊಂಡಳು.

“ರೀ, ಇದು ಎಷ್ಟಿರಬಹುದು?”

ಇಪ್ಪತ್ತೆರಡು ವರ್ಷದಲ್ಲಿ ಅವಳು ಕೇಳದಿದ್ದ ಪ್ರಶ್ನೆ. ಅವತ್ತು ಬೇಳೆಗೆ ಉಪ್ಪೇ ಇರಲಿಲ್ಲ. ಮರುದಿನ ಎರಡು ಸಲ ಬಿದ್ದಿತ್ತು. ಅನ್ನ ಗಂಜಿಯಾಯಿತು, ಆಲೂಗಡ್ಡೆ ಇದ್ದಿಲಾಯಿತು. ಯಾವುದಕ್ಕೆ ಕೈ ಹಾಕಿದರೂ ಅವಳು ಅರ್ಧದಲ್ಲಿ ನಿಂತು ಯೋಚಿಸುತ್ತಿದ್ದಳು. ಕೊನೆಗೆ ಸೌಟು ಕೆಳಗಿಟ್ಟು, “ನನ್ನ ಕೈ ನನ್ನ ಮಾತು ಕೇಳ್ತಾ ಇಲ್ಲ ಕಣ್ರೀ,” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ನಿಜ ಹೇಳುತ್ತೇನೆ, ಅವತ್ತು ತಕ್ಕಡಿಯನ್ನು ಕಂಡರೆ ನನಗೇ ಅಸಹ್ಯವಾಯಿತು.

ಮೂರು ದಿನ ಬ್ರೆಡ್ಡು, ಬಾಳೆಹಣ್ಣಿನಲ್ಲಿ ಕಳೆಯಿತು. ಕಲಿಸುವವಳಿಗೇ ಮರೆತುಹೋಗಿದೆ, ಕಲಿಯುವವಳು ನಾಳಿದ್ದು ಹೊರಡಬೇಕು. ಒಂಬತ್ತನೆಯ ದಿನ ಬೆಳಿಗ್ಗೆ ಇದೇ ಚಿಂತೆಯಲ್ಲಿ ನಾನು ಟ್ಯಾಂಕಿನ ನಲ್ಲಿ ತಿರುಗಿಸಿ ಪೇಪರು ಹಿಡಿದು ಕೂತೆ. ನೀರು ತುಂಬಿ, ಉಕ್ಕಿ, ಮೆಟ್ಟಿಲಿಳಿದು ಕೆಳಗಿನ ಮನೆಯ ದರ್ಜಿಯ ಹೊಸಿಲು ದಾಟಿದ ಮೇಲೆ ನನಗೆ ಎಚ್ಚರವಾಯಿತು.

ಒಲೆಯ ಮುಂದೆ ಮಂಕಾಗಿ ನಿಂತಿದ್ದ ಹೆಂಡತಿಗೆ ಜೀವ ಬಂತು.

“ಒಂದು ನಲ್ಲಿ ನಿಲ್ಲಿಸೋಕೆ ಆಗಲ್ವಾ ನಿಮಗೆ? ಬಚ್ಚಲಿನ ಬಲ್ಬು ಹೋಗಿ ತಿಂಗಳಾಯ್ತು. ಕೊಡೆ ಎಲ್ಲಿ ಬಿಟ್ಟು ಬಂದ್ರಿ? ನಿಮ್ಮಕ್ಕನ ಮದುವೆಲೂ ಇಷ್ಟೇ, ಫೋಟೋದವನಿಗೆ ಹೇಳಿ ಬನ್ನಿ ಅಂದ್ರೆ...”

ನಾನು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದೆ. ಅವಳ ಕಣ್ಣು ನನ್ನ ಮೇಲೆ. ಕೈ ಮಾತ್ರ ತನ್ನಷ್ಟಕ್ಕೆ ಉಪ್ಪಿನ ಡಬ್ಬಕ್ಕೆ ಹೋಯಿತು, ಖಾರದ ಡಬ್ಬಕ್ಕೆ ಹೋಯಿತು, ಅನ್ನಕ್ಕೆ ನೀರು ಸುರಿಯಿತು. ಅಕ್ಕನ ಮದುವೆ ಮುಗಿಯುವ ಹೊತ್ತಿಗೆ ಅಡುಗೆಯೂ ಮುಗಿದಿತ್ತು. ತಟ್ಟೆಗೆ ಬಂದದ್ದು ನನ್ನ ಮನೆಯ ಊಟ. ಮೂವರೂ ಪಾತ್ರೆ ಬಳಿದು ತಿಂದೆವು.

ಮಗಳು ಕೈ ತೊಳೆದು ಬಂದು ತೀರ್ಪು ಕೊಟ್ಟಳು. “ಅಪ್ಪ, ಉಪ್ಪಿನ ಬಗ್ಗೆ ಯೋಚಿಸಿದ್ರೆ ಅಮ್ಮನ ಕೈ ತಪ್ಪುತ್ತೆ. ನಿಮ್ಮ ಬಗ್ಗೆ ಯೋಚಿಸಿದ್ರೆ ಸರಿಹೋಗುತ್ತೆ.”

ಆ ಸಂಜೆಯೇ ಅವಳೂ ಪ್ರಯೋಗ ಮಾಡಿದಳು. ತಾನು ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಕರೆತರಲು ನಾನು ಮರೆತದ್ದನ್ನು ನೆನಪಿಸಿಕೊಂಡು, ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಬೈಯುತ್ತಾ ಬೇಳೆ ಮಾಡಿದಳು. ಹದವಾಗಿತ್ತು. ತಾಯಿ ಮಗಳ ಬೆನ್ನು ತಟ್ಟಿದಳು. ನನ್ನ ಬೆನ್ನನ್ನು ಯಾರೂ ತಟ್ಟಲಿಲ್ಲ.

ಈಗ ಮಗಳು ಹೋಗಿ ಒಂದು ತಿಂಗಳಾಯಿತು. ದಿನವೂ ಸಂಜೆ ಏಳಕ್ಕೆ ವಿಡಿಯೋ ಕರೆ ಬರುತ್ತದೆ. “ಅಪ್ಪ ಇದ್ದಾರಾ? ಒಲೆ ಹಚ್ಚಿದ್ದೀನಿ.” ಹೆಂಡತಿ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ತಾನೂ ಒಲೆ ಹಚ್ಚುತ್ತಾಳೆ. ಎರಡು ಊರಿನ ಎರಡು ಒಲೆಗೆ ನಾನೊಬ್ಬನೇ. ಮೊದಮೊದಲು ಹಳೆಯ ತಪ್ಪುಗಳೇ ಧಾರಾಳವಾಗಿದ್ದವು. ಮೂರನೇ ವಾರಕ್ಕೆ ದಾಸ್ತಾನು ಮುಗಿಯಿತು. ಬೈಸಿಕೊಂಡು ಬೈಸಿಕೊಂಡು ನಾನು ಸುಧಾರಿಸಿಬಿಟ್ಟಿದ್ದೆ.

ನಿನ್ನೆ ಏಳಕ್ಕೆ ಹೆಂಡತಿಯ ಉಪ್ಪಿನ ಕೈ ಪಾತ್ರೆಯ ಮೇಲೆ ಬಂದು ನಿಂತುಬಿಟ್ಟಿತು. ಫೋನಿನಲ್ಲಿ ಮಗಳ ಕೈಯೂ ನಿಂತಿತ್ತು. ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

“ಇವತ್ತು ಏನೂ ಮಾಡಿಲ್ವಾ?” ಎಂದಳು ಹೆಂಡತಿ.

“ಏನೂ ಮಾಡಿಲ್ಲ. ಬಲ್ಬು ಹಾಕ್ದೆ. ಪಾತ್ರೆ ತೊಳ್ದೆ.”

“ಮಗು ಹಸಿದಿದೆ ರೀ.”

ನಾನು ಬಚ್ಚಲಿಗೆ ಹೋಗಿ ಒದ್ದೆ ಟವೆಲ್ಲು ತಂದು, ಹಾಸಿಗೆಯಲ್ಲಿ ಅವಳು ಮಲಗುವ ಕಡೆಗೆ ಚೆನ್ನಾಗಿ ಹರಡಿ, ಅಡುಗೆಮನೆಯ ಬಾಗಿಲಿಗೆ ಬಂದು ತಲೆ ತಗ್ಗಿಸಿ ವರದಿ ಒಪ್ಪಿಸಿದೆ.