ಕೋದಂಡಪ್ಪ ಡೆಕ್ಕು ಕೊಂಡದ್ದು

ಬಂಗಾರಪೇಟೆ ಸುತ್ತಲಿನ ದನದ ಸಂತೆಗಳಲ್ಲಿ ಕೋದಂಡಪ್ಪನನ್ನು ಅರಿಯದ ದಲ್ಲಾಳಿ ಇರಲಿಲ್ಲ. ಹಸು ಕೊಳ್ಳುವುದರಲ್ಲಿ ಅವನದು ಒಂದೇ ಶಾಸ್ತ್ರ. ಯಾವುದು ಬೇಕೋ ಅದನ್ನು ಬೈಯಬೇಕು, ಯಾವುದು ಬೇಡವೋ ಅದನ್ನು ಹೊಗಳಬೇಕು. ಮನಸ್ಸಿಗೆ ಬಂದ ಹಸುವಿನ ಪಕ್ಕದಲ್ಲಿ ಬಡಕಲು ಹಸುವೊಂದು ಕಟ್ಟಿದ್ದರೆ ಅದರ ಬೆನ್ನು ಸವರಿ "ಸಾಕ್ಷಾತ್ ಲಕ್ಷ್ಮಿ ಕಣಪ್ಪ" ಎನ್ನುವನು. ಆಮೇಲೆ ಬೇಕಾದದ್ದರ ಕಡೆ ಓರೆಗಣ್ಣು ಹಾಯಿಸಿ, ಕೊಂಬು ಸೊಟ್ಟ, ಕೆಚ್ಚಲು ಸಣ್ಣದು, ಕಣ್ಣಲ್ಲಿ ಕಳ್ಳತನ ಇದೆ ಎಂದು ಅದರ ವಂಶವನ್ನೆಲ್ಲ ಜಾಲಾಡಿ, ಹೆಗಲ ಟವಲು ಕೊಡವಿಕೊಂಡು ಹೊರಟೇಬಿಡುವನು. ಆಗ ಮಾರುವವನು ಹಿಂದಿನಿಂದ "ಅಣ್ಣೋ, ಬಾ ಇಲ್ಲಿ" ಎಂದು ಕೂಗಬೇಕು. ಕೂಗದೆ ಇದ್ದವರು ಇದುವರೆಗೆ ಯಾರೂ ಇರಲಿಲ್ಲ. ಅವನ ಕೊಟ್ಟಿಗೆಯ ಹಸುಗಳೆಲ್ಲ ಹೀಗೆ ಬೈಸಿಕೊಂಡೇ ಮನೆ ಸೇರಿದಂಥವು. (ಅವು ಅದನ್ನು ಮನಸ್ಸಿಗೆ ಹಚ್ಚಿಕೊಂಡಂತೇನೂ ಕಾಣಲಿಲ್ಲ. ಹಾಲು ಧಾರಾಳವಾಗಿಯೇ ಕೊಡುತ್ತಿದ್ದವು.)

ಇಂಥ ಸಂತೆಸಾಮ್ರಾಟನ ಗ್ರಹಚಾರ ಗಣಿ ಊರು ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲಿ ಕಾದಿತ್ತು. ಅದು ತೊಂಬತ್ತರ ದಶಕದ ಮಾತು. ಮದ್ರಾಸು, ಹೈದರಾಬಾದು, ಬೆಂಗಳೂರು ಅಂತ ಊರೂರಿಗೂ ಅಂಗಡಿ ಇಟ್ಟಿದ್ದ ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಯೊಂದು ಏನು ಕನಸು ಕಂಡಿತೋ, ಆಂಡರ್ಸನ್‌ಪೇಟೆಯಲ್ಲೂ ಒಂದು ಬ್ರಾಂಚು ತೆರೆಯಿತು. ಈ ಕಡೆ ಬೀಡಿ ಅಂಗಡಿ, ಆ ಕಡೆ ಸೈಕಲ್ ಶಾಪು, ನಡುವೆ ಎರಡಂತಸ್ತಿನ ಗಾಜಿನ ಅರಮನೆ. ಕೋದಂಡಪ್ಪ ಆ ದಿನ ಚಾಂಪಿಯನ್ ರೀಫ್ಸ್ ಗಣಿ ಕಾರ್ಮಿಕರ ಲೈನಿನಲ್ಲಿದ್ದ ಮಾವನ ಮನೆಗೆ ಗಿಣ್ಣುಹಾಲು ಕೊಟ್ಟು ವಾಪಸು ಬರುತ್ತಿದ್ದ. ಯಾರೋ ಗಿರಾಕಿ ಗಾಜಿನ ಬಾಗಿಲು ತಳ್ಳಿಕೊಂಡು ಹೊರಗೆ ಬಂದರು. ಅವರ ಜೊತೆಗೆ ಒಂದು ಹಾಡೂ ಹೊರಗೆ ಬಂತು.

ಅದು ಅವನಿಗೆ ಗೊತ್ತಿದ್ದ ಹಾಡೇ. ಮನೆಯ ರೇಡಿಯೋದಲ್ಲಿ ಎಷ್ಟೋ ಸಲ ಕೇಳಿದ್ದ. ಆದರೆ ಇಲ್ಲಿ, ಹಾಡು ಎತ್ತಿಕೊಳ್ಳುವುದಕ್ಕೆ ಮುಂಚೆ, ಹಾಡುವವಳು ಉಸಿರು ಎಳೆದುಕೊಂಡದ್ದು ಕೇಳಿಸಿತು. ಪಕ್ಕದಲ್ಲಿ ನಿಂತಿದ್ದಾಳೆ ಅನ್ನುವಷ್ಟು ಹತ್ತಿರದಲ್ಲಿ ಕೇಳಿಸಿತು. ಕೋದಂಡಪ್ಪ ಹಿಂತಿರುಗಿ ನೋಡಿದ, ಯಾರೂ ಇರಲಿಲ್ಲ. ಬಾಗಿಲು ಮುಚ್ಚಿಕೊಂಡಿತು. ಅವನು ಖಾಲಿ ಪಾತ್ರೆ ಹಿಡಿದುಕೊಂಡು ಆ ಬಾಗಿಲು ಮತ್ತೆ ತೆರೆಯುವುದನ್ನೇ ಕಾಯುತ್ತ ನಿಂತ.

ಅವತ್ತಿನಿಂದ ಮನೆಯ ರೇಡಿಯೋ ಅವನ ಪಾಲಿಗೆ ಸತ್ತುಹೋಯಿತು. ಅದಕ್ಕೆ ಕಿವಿ ಹಚ್ಚಿ ಕೂತರೆ ಕರಕರ ಅನ್ನುವುದು ಬಿಟ್ಟರೆ ಉಸಿರಿನ ಸುಳಿವೇ ಇಲ್ಲ. ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದರೂ ಅದೇ ಧ್ಯಾನ, ಹಾಲು ಕರೆಯುತ್ತಿದ್ದರೂ ಅದೇ ಧ್ಯಾನ. ನಲವತ್ತು ದಾಟಿದ ಗಂಡಸಿಗೆ ಆಗಬಾರದ ಕಾಯಿಲೆ ಅದು. ಹಿಂಡಿ ತರುತ್ತೇನೆ ಅಂತ ನೆಪ ಹೇಳಿ ವಾರವಾರ ಕೆಜಿಎಫ್‌ಗೆ ಹೋಗಿ, ಆ ಗಾಜಿನ ಮುಂದೆ ನಿಂತು ಬರುವುದು ಅಭ್ಯಾಸವಾಯಿತು.

"ಬಂಗಾರಪೇಟೇಲಿ ಇಂಡಿ ಸಿಗಲ್ವಾ?" ಎಂದಳು ಹೆಂಡತಿ ಅನಸೂಯಮ್ಮ.

"ಆ ಇಂಡಿನೇ ಬೇರೆ, ಈ ಇಂಡಿನೇ ಬೇರೆ. ಅಸುಗಳಿಗೆ ಕೆಜಿಎಫ್ ಇಂಡಿ ರುಚಿ ಅತ್ತೈತೆ."

"ಅಸುಗಳಿಗೋ, ನಿಮಗೋ?"

ಕೋದಂಡಪ್ಪ ಕೊಟ್ಟಿಗೆಯ ಕಡೆ ನಡೆದ. ಅನಸೂಯಮ್ಮನ ಎದೆಯಲ್ಲಿ ಒಂದು ಸಣ್ಣ ಅನುಮಾನ ಕೂತಿತು. ಗಂಡಸರು ಸುಳ್ಳು ಹೇಳಿ ಊರು ದಾಟುತ್ತಾರೆಂದರೆ ಕಾರಣ ಒಂದೇ ಇರುತ್ತದೆ ಎಂದು ಅವಳು ನಂಬಿದ್ದಳು. ತವರಿಗೆ ಹೋದಾಗ ಪಕ್ಕದ ಮನೆಯ ಪೆದ್ದಮ್ಮನ ಹತ್ತಿರ ಮೆಲ್ಲಗೆ ವಿಚಾರಿಸಿದಳು. ಊರೆಲ್ಲ ಸುತ್ತುವ ಪೆದ್ದಮ್ಮನಿಗೆ ತಿಳಿಯದ ಸುದ್ದಿ ಇರಲಿಲ್ಲ.

"ಎಂಗಸೂ ಇಲ್ಲ, ಏನೂ ಇಲ್ಲಮ್ಮಾ. ಆ ಗಾಜಿನ ಅಂಗಡಿ ಮುಂದೆ ಕಣ್ ಮುಚ್ಕಂಡು ನಿಂತಿರ್ತಾನೆ. ದೇವಸ್ಥಾನ ಅನ್ಕಂಡವ್ನೋ ಏನೋ, ಪಾವಂ," ಎಂದಳು ಪೆದ್ದಮ್ಮ ಮರುಕದಿಂದ.

ಅನಸೂಯಮ್ಮನಿಗೆ ನಗು ಬಂತು, ಹಿಂದೆಯೇ ಕರುಳು ಚುರುಕ್ ಅಂದಿತು. ಅವಳು ಗಣಿ ಕಾರ್ಮಿಕನ ಮಗಳು. ಅವರ ಲೈನಿನಲ್ಲಿ ಬಾಳುವೆ ನಡೆದದ್ದೇ ಕಂಪನಿಯ ರೇಷನ್ ಅಂಗಡಿಯ ಕಿಟಕಿಯಲ್ಲಿ. ಅಕ್ಕಿ ಬೇಕಾದರೆ ಅಕ್ಕಿ ಬೇಕು ಅನ್ನಬೇಕು, ಬೇಳೆ ಬೇಡವಾದರೆ ಬೇಡ ಅನ್ನಬೇಕು. ಮಾತು ಸುತ್ತಿಸಿದರೆ ಹಿಂದೆ ನಿಂತವರು ಬೈಯುತ್ತಿದ್ದರು. ದನದ ಸಂತೆಗೆ ಅವಳು ಒಂದು ಸಲವೂ ಹೋದವಳಲ್ಲ. ಗಂಡ ಬಾಯಿ ಬಿಟ್ಟು ಏನನ್ನೂ ಕೇಳುವ ಜಾತಿಯಲ್ಲ ಎನ್ನುವುದು ಮಾತ್ರ ಗೊತ್ತಿತ್ತು. ಡೈರಿಯ ಬೋನಸ್ಸನ್ನೂ ಕರು ಮಾರಿದ ದುಡ್ಡನ್ನೂ ಅವಳು ಸದ್ದಿಲ್ಲದೆ ಕೂಡಿಟ್ಟಳು. ಒಂದು ಬೆಳಿಗ್ಗೆ ಮದುವೆಯ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಳು.

"ನಡೀರಿ."

"ಎಲ್ಲಿಗೆ?"

"ನಿಮ್ ಇಂಡಿ ಅಂಗಡಿಗೆ."

ಕೋದಂಡಪ್ಪನಿಗೆ ಬಾಯಲ್ಲಿದ್ದ ಮುದ್ದೆ ಇಳಿಯಲಿಲ್ಲ. ಹೆಂಡತಿ ಎಂದರೆ ಹೀಗಿರಬೇಕು ಅಂತ ಅವನಿಗೆ ಅನ್ನಿಸಿತು. ಬಾಯಲ್ಲಿ ಮಾತ್ರ, "ಈ ಸೀರೇಲಿ ಗಾಡಿ ಎತ್ತಿಗೆ ಜೂಲು ಒದಿಸ್ದಂಗೆ ಕಾಣ್ತೀಯ" ಎಂದ. ಅವಳು ಮುಖ ಸಣ್ಣದು ಮಾಡಿಕೊಂಡಳು, ಆದರೂ ಸೀರೆ ಬದಲಿಸಲಿಲ್ಲ.

ಅಂಗಡಿಯ ಬಾಗಿಲಲ್ಲಿ ಇಬ್ಬರೂ ಚಪ್ಪಲಿ ಬಿಟ್ಟರು. ಟೈ ಕಟ್ಟಿದ ಸೇಲ್ಸ್‌ಮನ್ "ಪರವಾಗಿಲ್ಲ ಸಾರ್, ಹಾಕ್ಕೊಂಡೇ ಬನ್ನಿ" ಎಂದರೂ ಕೋದಂಡಪ್ಪನಿಗೆ ಮನಸ್ಸು ಬರಲಿಲ್ಲ. ಮಹಡಿಯ ಮೇಲೆ ಹಾಡು ಕೇಳಿಸುವುದಕ್ಕೆಂದೇ ಒಂದು ಕೋಣೆ ಇತ್ತು. ಕಾಲಿಗೆ ಮೆತ್ತನೆ ರತ್ನಗಂಬಳಿ, ಮೈಗೆ ಏಸಿಯ ತಂಪು. ಎದುರಿಗೆ ಆ ಮಹಾನುಭಾವ ಕೂತಿದ್ದ. ಕಪ್ಪು ಕ್ಯಾಸೆಟ್ ಡೆಕ್ಕು, ಅದರ ಹಣೆಯ ಮೇಲೆ ಏರಿಳಿಯುವ ಹಸಿರು ದೀಪ, ಎರಡು ಕಡೆ ಸೊಂಟದೆತ್ತರದ ಸ್ಪೀಕರ್ ಬಾಕ್ಸುಗಳು. ಸೇಲ್ಸ್‌ಮನ್ ಒಂದು ಗುಂಡಿ ಒತ್ತಿದ.

ಆಮೇಲೆ ಆ ಉಸಿರು ಬಂತು.

ಈ ಸಲ ಬಾಗಿಲು ಮುಚ್ಚಿಕೊಳ್ಳಲಿಲ್ಲ. ಹಾಡು ಪೂರ್ತಿ ಅವನದೇ ಆಗಿತ್ತು. ವೀಣೆಯವನ ಬೆರಳು ತಂತಿಯ ಮೇಲೆ ಜಾರಿದ್ದು ಎಡಗಡೆ ಕೇಳಿಸಿತು, ತಬಲದವನ ಅಂಗೈ ಬಲಗಡೆ ಕೇಳಿಸಿತು. ನಡುವೆ ಅವಳು. ಕೋದಂಡಪ್ಪನ ಕಣ್ಣು ತುಂಬಿ ಬಂತು. ಇದು ನಮ್ಮ ಮನೆಯ ನಡುಮನೆಯಲ್ಲಿದ್ದರೆ, ಸಂಜೆ ಹಾಲು ಹಾಕಿ ಬಂದು ಕಾಲು ತೊಳೆದುಕೊಂಡು ಇದರ ಮುಂದೆ ಕೂತರೆ, ಇನ್ನೇನು ಬೇಕು ಬಾಳಿಗೆ ಅಂದುಕೊಂಡ. ಅಷ್ಟರಲ್ಲಿ ಸೇಲ್ಸ್‌ಮನ್ ತನ್ನ ಮುಖವನ್ನೇ ನೋಡುತ್ತಿರುವುದು ಅವನಿಗೆ ಕಾಣಿಸಿತು.

ಸಂತೆಯ ರಕ್ತ ಜಾಗೃತವಾಯಿತು. ಮಾರುವವನಿಗೆ ಆಸೆ ಕಾಣಿಸಿಬಿಟ್ಟಿದೆ, ಇನ್ನು ರೇಟು ಆಕಾಶಕ್ಕೆ. ಕೋದಂಡಪ್ಪ ಟವಲಿನಿಂದ ಕಣ್ಣೊರೆಸಿಕೊಂಡು, "ಏನಪ್ಪ ನಿಮ್ ತಣ್ಣನೆ ಗಾಳಿ, ಕಣ್ಣೆಲ್ಲ ಉರೀತೈತೆ" ಎಂದ. ಎದ್ದು ಡೆಕ್ಕಿನ ಹಿಂದಕ್ಕೆ ಹೋಗಿ ಬಗ್ಗಿ ನೋಡಿದ. ಸ್ಪೀಕರಿನ ಪಕ್ಕೆಗೆ ಬೆರಳಲ್ಲಿ ಕುಟ್ಟಿದ.

"ಇದೇನಯ್ಯ, ಒಟ್ಟೆ ಡೊಳ್ಳು, ಒಳಗೆ ಏನೂ ಇಲ್ಲ. ದನಿ ನೋಡು, ಕೊಡದೊಳಗೆ ಕೂತು ಕೂಗ್ದಂಗೈತೆ. ಈ ದೀಪಗಳೋ, ಕಣ್ಣಿಗೆ ಚುಚ್ತವೆ."

"ಸಾರ್, ಇದು ನಮ್ಮಲ್ಲಿರೋದ್ರಲ್ಲೇ ಬೆಸ್ಟ್."

"ಯಾರಿಗೆ ಬೆಸ್ಟು? ಬಿಟ್ಟಿ ಕೊಟ್ರೂ ನಾನು ಮನೆಗೆ ಸೇರ್ಸಲ್ಲ." ಈ ಮಾತು ಹೇಳುವುದು ಅವನಿಗೇ ಇಷ್ಟವಿರಲಿಲ್ಲ, ಆದರೂ ಶಾಸ್ತ್ರ ಶಾಸ್ತ್ರವೇ. ಸುತ್ತ ಕಣ್ಣು ಹಾಯಿಸಿದ. ಮೂಲೆಯ ಶೆಲ್ಫಿನಲ್ಲಿ, ಧೂಳು ಕುಡಿಯುತ್ತ, ರೇಡಿಯೋ, ಕ್ಯಾಸೆಟ್ಟು ಎರಡೂ ಇರುವ, ಕೆಂಪು ಪ್ಲಾಸ್ಟಿಕ್ಕಿನ ಒಂದು ಟೂ-ಇನ್-ಒನ್ ಕೂತಿತ್ತು. ಕೋದಂಡಪ್ಪ ಹೋಗಿ ಅದರ ಬೆನ್ನು ಸವರಿದ. "ಸಾಮಾನು ಅಂದ್ರೆ ಇದು. ಲಕ್ಷಣ ನೋಡು, ಬಣ್ಣ ನೋಡು. ಕೈಗೆ ಇಡಿಯೂ ಐತೆ. ಮನೆಗೆ ಲಕ್ಷ್ಮಿ ಬಂದಂಗೆ."

ಹೆಂಡತಿಗೆ ಈ ನಾಟಕ ಅರ್ಥವಾಗಲಿ ಅಂತ ಅವಳ ಕಾಲನ್ನು ಮೆಲ್ಲಗೆ ತುಳಿದ. ಬೇಗ ಮುಗಿಸು, ಹಾಲು ಕರೆಯುವ ಹೊತ್ತಾಯಿತು ಅನ್ನುತ್ತಿದ್ದಾರೆ ಎಂದು ಅವಳು ಅರ್ಥಮಾಡಿಕೊಂಡಳು.

ಉಳಿದದ್ದು ಟವಲಿನ ಕೆಲಸ. ಸಂತೆಯಲ್ಲಿ ರೇಟನ್ನು ಬಾಯಲ್ಲಿ ಹೇಳುವುದಿಲ್ಲ, ಟವಲಿನ ಮರೆಯಲ್ಲಿ ಬೆರಳು ಹಿಡಿದು ಹೇಳುತ್ತಾರೆ. ಕೋದಂಡಪ್ಪ ಸೇಲ್ಸ್‌ಮನ್ನಿನ ಕೈ ಮೇಲೆ ಟವಲು ಹೊದಿಸಿ, ಒಳಗೆ ಅವನ ಬೆರಳುಗಳನ್ನು ಅರ್ಥಗರ್ಭಿತವಾಗಿ ಅದುಮಿದ. ಆ ಮನುಷ್ಯ ಸ್ವಲ್ಪ ಹೊತ್ತು ಬೆದರಿ, ಆಮೇಲೆ ಅದೇ ಕೈಯನ್ನು ಜೋರಾಗಿ ಕುಲುಕಿ, "ಥ್ಯಾಂಕ್ಯೂ ಸಾರ್" ಎಂದ.

ಇನ್ನು ಉಳಿದಿದ್ದ ಅಸ್ತ್ರ ಒಂದೇ. ಕೋದಂಡಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, "ನಮಗೆ ಬೇಡಪ್ಪ" ಎಂದು ಮೆಟ್ಟಿಲಿಳಿದ. ಹಿಂದೆ ಹೆಂಡತಿ ಬರುತ್ತಿದ್ದಾಳೋ ಇಲ್ಲವೋ ನೋಡಲಿಲ್ಲ, ತಿರುಗಿ ನೋಡಿದರೆ ಶಾಸ್ತ್ರ ಕೆಡುತ್ತದೆ. ಚಪ್ಪಲಿ ಮೆಟ್ಟುವುದಕ್ಕೆ ಬೇಕಾದಷ್ಟು ಹೊತ್ತು ತೆಗೆದುಕೊಂಡ. ಯಾರೂ ಕೂಗಲಿಲ್ಲ. ಬೀಡಿ ಅಂಗಡಿಯವರೆಗೆ ನಿಧಾನವಾಗಿ ನಡೆದ. ಅಲ್ಲಿ ಬೇಡದ ಬೀಡಿಯನ್ನೂ ಕೊಂಡು ಹಚ್ಚಿದ. ಆಗಲೂ ಯಾರೂ ಕೂಗಲಿಲ್ಲ. ಸಂತೆಯ ಇತಿಹಾಸದಲ್ಲೇ ಹೀಗಾದದ್ದಿರಲಿಲ್ಲ. ನನಗದು ಬೇಕು ಅನ್ನುತ್ತ ವಾಪಸು ಓಡಿಹೋಗಲೇ ಎಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಏನೂಂದ್ರೆ, ಬನ್ನಿ ಇಲ್ಲಿ."

ಕೋದಂಡಪ್ಪ ಮನೆದೇವರಿಗೆ ಕೈಮುಗಿದು ತಿರುಗಿದ. ಅನಸೂಯಮ್ಮ ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ಹೇಳಲಾರದಷ್ಟು ಸಂತೋಷ, ಕೈಯಲ್ಲಿ ಒಂದು ಸಣ್ಣ ಪೆಟ್ಟಿಗೆ.

"ತಗೊಂಡ್ಬಿಟ್ಟೆ," ಎಂದಳು.

"ಇದೇನು ಇಷ್ಟೇ? ಮಿಕ್ಕಿದ್ದು ಟೆಂಪೋದಲ್ಲಿ ಬತ್ತೈತಾ?"

"ಮಿಕ್ಕಿದ್ದೇನು? ಲಕ್ಷ್ಮಿ ಬಂದಂಗೆ ಅಂದ್ರಲ್ಲ, ಅದೇ ಇದು. ಅವನು ಆ ದೊಡ್ಡ ಡೊಳ್ಳು ತಗೊಳಿ ಮೇಡಂ ಅಂತ ಎಷ್ಟು ಬಲವಂತ ಮಾಡ್ದ ಗೊತ್ತಾ? ನಮ್ಮೋರು ಅದನ್ನ ಮನೆಗೇ ಸೇರ್ಸಲ್ಲ ಅಂತ ಕಡ್ಡಿ ಮುರಿದಂಗೆ ಏಳ್ದೆ."

ಕೋದಂಡಪ್ಪ ಪೆಟ್ಟಿಗೆ ಕಿತ್ತುಕೊಂಡು ಒಳಗೆ ಓಡಿದ. ಸೇಲ್ಸ್‌ಮನ್ ನಯವಾಗಿ ಗೋಡೆಯ ಬೋರ್ಡು ತೋರಿಸಿದ. ಮಾರಿದ ಸಾಮಾನು ವಾಪಸು ತೆಗೆದುಕೊಳ್ಳುವುದಿಲ್ಲ ಅಂತ ಮೂರು ಭಾಷೆಗಳಲ್ಲಿ ಬರೆದಿತ್ತು. "ನಿಮ್ಮ ಮಾತು ಕೇಳಿ ಇನ್ನೊಬ್ಬ ಗಿರಾಕೀನೂ ಕೆಂಪುದೇ ತಗೊಂಡ್ರು ಸಾರ್," ಎಂದು ಸೇರಿಸಿದ.

"ಅಲ್ಲಯ್ಯ, ನಾನು ಎದ್ದು ಒರಟಾಗ ನೀನು ಯಾಕೆ ಕರೀಲಿಲ್ಲ?"

"ಕರೀಬೇಕಿತ್ತಾ ಸಾರ್?" ಎಂದ ಅವನು, ನಿಜವಾಗಿಯೂ ತಿಳಿಯದೆ.

ಊರಿಗಾಂ ಸ್ಟೇಷನ್ನಿನಲ್ಲಿ ಇಬ್ಬರೂ ರೈಲು ಹತ್ತಿ ಕೂತರು. ಕೆಂಪು ಪೆಟ್ಟಿಗೆ ಕೋದಂಡಪ್ಪನ ತೊಡೆಯ ಮೇಲಿತ್ತು. ಕೊನೆಗೆ ತಡೆಯಲಾರದೆ ಸಂತೆಯ ಶಾಸ್ತ್ರವನ್ನೆಲ್ಲ ಹೆಂಡತಿಗೆ ಒದರಿಬಿಟ್ಟ. ಅವಳು ಬಾಯಿ ತೆರೆದುಕೊಂಡು ಕೇಳಿದಳು.

"ಅಂಗಾದ್ರೆ ಬೇಕಾಗಿರೋದನ್ನ ಬೈಯೋದಾ?"

"ಊಂ ಮತ್ತೆ."

"ಬೇಡದೆ ಇರೋದನ್ನ ಒಗಳೋದಾ?"

"ಊಂ ಕಣೇ. ಇಷ್ಟು ವರ್ಷ ಬಾಳಾಟ ಮಾಡಿ ನಿಂಗೆ ಅಷ್ಟೂ ಗೊತ್ತಿಲ್ಲ."

ಅನಸೂಯಮ್ಮ ಕಿಟಕಿಯ ಕಡೆ ತಿರುಗಿದಳು. ಅಳುತ್ತಿದ್ದಾಳೆ ಅಂತ ಕೋದಂಡಪ್ಪನಿಗೆ ಭಯವಾಯಿತು. ಅವಳು ಈ ಕಡೆ ತಿರುಗದೆಯೇ ಕೇಳಿದಳು.

"ಮದುವೆ ಆದಾಗ್ನಿಂದ ನನ್ನ ಬೈತಾನೇ ಇದೀರಲ್ಲ. ಒಂದಿನಾನೂ ಒಗಳಿಲ್ಲ."

ಕೋದಂಡಪ್ಪ ಅದು ಬೇರೆ ಇದು ಬೇರೆ ಅನ್ನಲು ಬಾಯಿ ತೆರೆದ. ರೇಷ್ಮೆ ಸೀರೆಯಲ್ಲಿ, ಕಿಟಕಿಯ ಬಿಸಿಲಿನಲ್ಲಿ, ಅವಳ ಅರ್ಧ ಮುಖ ಕಾಣುತ್ತಿತ್ತು. ಮದುವೆಯ ದಿನವೂ ಅವಳು ಇಷ್ಟು ಚೆನ್ನಾಗಿ ಕಂಡಿರಲಿಲ್ಲ. ಈ ಹೆಂಗಸು ಇಲ್ಲದಿದ್ದರೆ ತನ್ನ ಗತಿ ಏನು ಎಂದು ಅವನಿಗೆ ಅನ್ನಿಸಿತು.

"ಊಂ," ಎಂದ.

ಆಮೇಲೆ ಬಂಗಾರಪೇಟೆ ಬರುವವರೆಗೂ ಅವಳ ಮುಖದ ನಗು ಆರಲಿಲ್ಲ. ಅಂದು ರಾತ್ರಿ ಸಾರಿನಲ್ಲಿ ಉಪ್ಪು ಜಾಸ್ತಿಯಾಗಿತ್ತು. ಕೋದಂಡಪ್ಪ ಬೈದ. ಅವಳು ನಾಚಿಕೊಂಡು ಇನ್ನೊಂದು ಸೌಟು ಬಡಿಸಿದಳು.

ಮಾರನೆಯ ಬೆಳಿಗ್ಗೆ ಪಕ್ಕದ ಮನೆಯ ಆದಿಲಕ್ಷ್ಮಮ್ಮ ಹೊಸ ಸಾಮಾನು ನೋಡಲು ಬಂದಳು. ಅನಸೂಯಮ್ಮ ಅದಕ್ಕೆ ಕುಂಕುಮ ಇಟ್ಟು ಕ್ಯಾಸೆಟ್ಟು ಹಾಕಿದಳು. ಕೋದಂಡಪ್ಪ ಕಿವಿ ಹಚ್ಚಿ ಕೂತ. ಉಸಿರಿಗೆ ಕಾದ. ಬುಸ್ ಅಂತ ಒಂದು ಸದ್ದು ಬಂತು, ಅದರ ಹಿಂದೆ ಎಲ್ಲೋ ದೂರದಲ್ಲಿ ಹಾಡು ತಿಣುಕುತ್ತಿತ್ತು. ಅವನಿಗೆ ಸಿಟ್ಟು ನೆತ್ತಿಗೇರಿತು.

"ಇದೊಂದು ಸಾಮಾನಾ? ಡಬ್ಬ. ನೆಗಡಿ ಇಡಿದಿರೋ ದರಿದ್ರದ ಡಬ್ಬ. ತಿಪ್ಪೆಗೆ ಎಸೀರಿ."

"ಅಯ್ಯೋ, ಅಣ್ಣನಿಗೆ ಇಡಿಸ್ಲಿಲ್ವಾ?" ಎಂದಳು ಆದಿಲಕ್ಷ್ಮಮ್ಮ.

"ಬೈದ್ರು ಅಂತಾನಾ? ನಿಂಗೆ ಗೊತ್ತಾಗಲ್ಲ ಬಿಡಕ್ಕ," ಎಂದಳು ಅನಸೂಯಮ್ಮ ಹೆಮ್ಮೆಯಿಂದ. "ಅದರ ಮೇಲೆ ಪ್ರಾಣ ಅವ್ರಿಗೆ."

ಆದಿಲಕ್ಷ್ಮಮ್ಮ ಹೋದ ಮೇಲೆ ಕೋದಂಡಪ್ಪ ಹೆಂಡತಿಯ ಹಿಂದೆಯೇ ಕೊಟ್ಟಿಗೆಗೆ ಹೋದ. ಅವಳು ಹಾಲು ಕರೆಯಲು ಕೂತಳು. ಜೀವಮಾನದಲ್ಲಿ ಮೊದಲ ಸಲ, ಶಾಸ್ತ್ರವನ್ನೆಲ್ಲ ಗೂಟಕ್ಕೆ ಕಟ್ಟಿ, ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಅನಸೂಯ, ಆ ದೊಡ್ಡದು ಐತಲ್ಲ, ಅದು ಬಂಗಾರದಂಥ ಸಾಮಾನು ಕಣೇ. ಆಡೋಳು ಉಸಿರಾಡೋದು ಕೇಳಿಸ್ತೈತೆ ಅದ್ರಲ್ಲಿ. ಕನಸಲ್ಲೂ ಅದೇ ಬತ್ತೈತೆ. ನಂಗೆ ಅದೇ ಬೇಕು. ಈ ಕೆಂಪು ಡಬ್ಬ ನಂಗೆ ನಿಜವಾಗ್ಲೂ ಬೇಡ."

ಅನಸೂಯಮ್ಮ ಕೆಚ್ಚಲಿನಿಂದ ಕೈ ತೆಗೆದು ಅವನ ಕಡೆ ತಿರುಗಿದಳು. ನಿನ್ನೆಯ ನಗು ಮಾಸಿತ್ತು.

"ಬೈದಿದ್ದು ನಿಜವಾಗ್ಲೂ ಬೇಡ್ವಾ? ಅಂಗಾದ್ರೆ ನನ್ನ ಬೈದಿದ್ದು? ನಿನ್ನೆ ರೈಲಲ್ಲಿ ಊಂ ಅಂದಿದ್ದು?"

ಕೋದಂಡಪ್ಪ ಅವಳ ಮುಖ ನೋಡಿದ. ಒಳಗೆ ಕೆಂಪು ಡಬ್ಬ ಬುಸುಗುಡುತ್ತಲೇ ಇತ್ತು.

"ಆ ದೊಡ್ಡದು ಬಾಳ ಚೆನ್ನಾಗೈತೆ ಅಂದೆ," ಎಂದ ಅವನು ಮೆಲ್ಲಗೆ, ಒಂದೊಂದೇ ಮಾತನ್ನು ನುಂಗಿಕೊಂಡು. "ಅಷ್ಟು ಒಗಳಿದ ಮೇಲೆ ಇನ್ನೇನು. ಅದು ನಂಗೆ ಬೇಡ."