ಎರೆಹುಳದ ಮನೆ

ಕೆಲವು ಸಿಟ್ಟುಗಳನ್ನು ನಾಲ್ಕು ಜನರ ಮುಂದೆ ಹೇಳಿಕೊಂಡರೆ ಅವರೂ ಸಿಟ್ಟಾಗಿ ನಮ್ಮ ಪರ ನಿಲ್ಲುತ್ತಾರೆ. ಕರೆಂಟು ಹೋದದ್ದು, ಬಸ್ಸು ನಿಲ್ಲಿಸದೆ ಹೋದದ್ದು ಇಂಥವು. ಇನ್ನು ಕೆಲವನ್ನು ಹೇಳಿಕೊಂಡರೆ ಕೇಳಿದವರು ನಕ್ಕುಬಿಡುತ್ತಾರೆ. ನನ್ನ ಪಾಲಿಗೆ ಬಂದಿರುವುದು ಅಂಥ ಸಿಟ್ಟು. ನನಗೆ ಒಂದು ಕೃಷಿ ವಿಶ್ವವಿದ್ಯಾಲಯದ ಮೇಲೆ ಸಿಟ್ಟಿದೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಅದು ನಮ್ಮೂರಿಗೆ ಕಳಿಸಿದ ಆರು ಜನ ಹುಡುಗಿಯರ ಮೇಲೆ. ಅದಕ್ಕಿಂತಲೂ ಸರಿಯಾಗಿ ಹೇಳಬೇಕೆಂದರೆ, ಎರೆಹುಳಗಳ ಮೇಲೆ. ನಾನೀಗ ಇರುವ ಬಳ್ಳಾರಿಯ ಗಾಂಧಿನಗರದಲ್ಲಿ ಬೆಳಗಿನ ವಾಕಿಂಗಿಗೆ ಜೊತೆಯಾಗುವ ಗೆಳೆಯರಿಗೆ ಇದನ್ನು ಹೇಳಲು ಹೋದೆ. ಅವರು ಬೆಂಚಿನ ಮೇಲೆ ಕೂತು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ. ನೀವು ನಕ್ಕರೂ ನನಗೆ ಕಾಣುವುದಿಲ್ಲ.

ನಾನು ಸಿರುಗುಪ್ಪದ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಆ ಊರಿನಲ್ಲಿ ನನಗೆ ಬೇಕಾದಷ್ಟು ಮರ್ಯಾದೆ ಇದೆ. ನಕ್ಷೆಯಲ್ಲಿ ತುಂಗಭದ್ರೆಯನ್ನು ತಪ್ಪು ಜಾಗದಲ್ಲಿ ಹರಿಸಿ ನನ್ನಿಂದ ಬೈಸಿಕೊಂಡವರು ಈಗ ಅಲ್ಲಿ ಅಕ್ಕಿ ಗಿರಣಿ ನಡೆಸುತ್ತಾರೆ, ನನ್ನನ್ನು ಕಂಡರೆ ಇವತ್ತಿಗೂ ಎದ್ದು ನಿಲ್ಲುತ್ತಾರೆ. ಆದರೆ ನಾನು ಹುಟ್ಟಿದ್ದು ಕುರುಗೋಡಿನಿಂದ ಆಟೋ ಹಿಡಿದು ಹೋಗಬೇಕಾದ ಒಂದು ಹಳ್ಳಿಯಲ್ಲಿ. ಅದರ ಹೆಸರು ಬರೆಯುವುದಿಲ್ಲ, ಬರೆದರೆ ನೀವೂ ಹುಳ ನೋಡಲು ಬರುತ್ತೀರಿ. ಅಲ್ಲಿ ಯಾರೂ ಎದ್ದು ನಿಲ್ಲುತ್ತಿರಲಿಲ್ಲ. ಇದು ನನ್ನನ್ನು ಬಹಳ ವರ್ಷಗಳಿಂದ ಕೊರೆಯುತ್ತಿತ್ತು. ಹುಟ್ಟಿದ ಊರಿನಲ್ಲಿ ನನ್ನದೊಂದು ಗುರುತು ಉಳಿಯಲಿ ಎಂದು ನಿವೃತ್ತಿಯಾದ ಮೇಲೆ ಅಲ್ಲೊಂದು ಜಾಗ ಹಿಡಿದು ಮನೆ ಕಟ್ಟಿಸಿದೆ. ಗೇಟಿನ ಪಕ್ಕ ಕರಿಕಲ್ಲಿನಲ್ಲಿ ‘ಜ್ಞಾನದೀಪ’ ಎಂದು ಕೆತ್ತಿಸಿದೆ. ಕೆಳಗೆ ನನ್ನ ಹೆಸರು, ಹೆಸರಿನ ಮುಂದೆ ಎಂ.ಎ., ಬಿ.ಎಡ್., ಅದರ ಮುಂದೆ ನಿವೃತ್ತ ಮುಖ್ಯೋಪಾಧ್ಯಾಯರು. ಕಲ್ಲಿನಲ್ಲಿ ಜಾಗ ಸಾಲದೆ ಕೊನೆಯ ‘ಯರು’ ಕೆಳಗಿನ ಸಾಲಿಗೆ ಇಳಿಯಿತು. ಜನ ಒಬ್ಬರಿಗೊಬ್ಬರು ದಾರಿ ಹೇಳುವಾಗ ‘ಜ್ಞಾನದೀಪದ ಹತ್ತಿರ ಎಡಕ್ಕೆ ತಿರುಗಿ’ ಎನ್ನಬೇಕು, ಅಷ್ಟೇ ನನ್ನ ಆಸೆ. ದೊಡ್ಡ ಆಸೆಯೇನಲ್ಲ. ನನ್ನ ಹೆಂಡತಿ ಶಾರದಾ ಮಾತ್ರ ಗೃಹಪ್ರವೇಶದ ದಿನವೇ, “ಇಲ್ಲಿ ಬೇಕಾದ್ರ ನೀವು ಇರ್ರಿ. ನಾ ಬಳ್ಳಾರಿ ಬಿಟ್ಟು ಬರಂಗಿಲ್ಲ,” ಎಂದಳು. ಹಾಗಾಗಿ ಮನೆಗೆ ಬೀಗ ಬಿತ್ತು. ತಿಂಗಳಿಗೊಮ್ಮೆ ನಾನು ಹೋಗಿ ಕಲ್ಲಿನ ಧೂಳು ಒರೆಸಿ ಬರುತ್ತಿದ್ದೆ.

ಹೀಗಿರುವಾಗ ವಿಶ್ವವಿದ್ಯಾಲಯದವರು ಫೋನು ಮಾಡಿದರು. ಕೃಷಿ ಪದವಿಯ ಕೊನೆಯ ವರ್ಷದ ಮಕ್ಕಳು ಕೆಲವು ತಿಂಗಳು ಹಳ್ಳಿಯಲ್ಲೇ ಇದ್ದು, ರೈತರಿಗೆ ತಾವು ಕಲಿತದ್ದನ್ನು ತೋರಿಸಿ, ರೈತರಿಂದ ತಾವೂ ಕಲಿಯಬೇಕಂತೆ. ಆರು ಹುಡುಗಿಯರಿಗೆ ಮನೆ ಬೇಕು ಎಂದರು. ನಾನು ಉದಾರವಾಗಿ, ಬಾಡಿಗೆಯ ಮಾತೇ ಬೇಡ, ಗೋಡೆಗೆ ಮೊಳೆ ಹೊಡೆಯದಿದ್ದರೆ ಸಾಕು ಎಂದೆ. ಈ ಉದಾರತೆಯ ಒಳಗುಟ್ಟನ್ನೂ ಹೇಳಿಬಿಡುತ್ತೇನೆ. ಕೊನೆಯ ದಿನ ಸಮಾರಂಭವಿರುತ್ತದೆ, ಮೈಕಿನಲ್ಲಿ ‘ಜ್ಞಾನದೀಪದ ಮಾಲೀಕರು’ ಎನ್ನುತ್ತಾರೆ, ಊರಿಡೀ ಕೇಳುತ್ತದೆ ಎಂದು ಲೆಕ್ಕ ಹಾಕಿದ್ದೆ.

ಹುಡುಗಿಯರ ಮುಂದಾಳು ಸಹನಾ, ಹಾಸನದ ಕಡೆಯವಳು. ಬಂದ ವಾರದಲ್ಲೇ ಊರಿನ ಹೆಂಗಸರನ್ನು ಸೇರಿಸಿ ಬಿತ್ತನೆ ಬತ್ತವನ್ನು ಉಪ್ಪುನೀರಿನಲ್ಲಿ ಹಾಕಿ, ತೇಲುವ ಜೊಳ್ಳು ತೆಗೆಯುವುದನ್ನು ತೋರಿಸಿದಳಂತೆ. ಉಪ್ಪು ಸಾಕೋ ಇಲ್ಲವೋ ನೋಡಲು ನೀರಿನಲ್ಲಿ ಕೋಳಿಮೊಟ್ಟೆ ತೇಲಿಬಿಟ್ಟಳಂತೆ. ಅಲ್ಲಿಯವರೆಗೆ ನನ್ನ ತಕರಾರಿಲ್ಲ. ಆಮೇಲೆ, ಬತ್ತ ಕೊಯ್ದ ಮೇಲೆ ಹುಲ್ಲನ್ನು ಗದ್ದೆಯಲ್ಲೇ ಸುಡಬೇಡಿ, ಎರೆಹುಳಕ್ಕೆ ಹಾಕಿ ಗೊಬ್ಬರ ಮಾಡಿ ಎಂದು ಹೇಳತೊಡಗಿದರು. ಹೇಳಿದರೆ ಸಾಲದು, ಮಾಡಿ ತೋರಿಸಬೇಕು. ತೋರಿಸಲು ನೆರಳಿರುವ ಜಾಗ ಬೇಕು. ನೆರಳು ಇದ್ದದ್ದು ನನ್ನ ಹಿತ್ತಲಿನ ಬೇವಿನ ಮರದ ಕೆಳಗೆ. ಒಂದು ದಿನ ನಾನು ಹೋಗಿ ನೋಡಿದರೆ, ಎಂ.ಎ., ಬಿ.ಎಡ್. ಆದವನ ಹಿತ್ತಲಿನಲ್ಲಿ ಸಗಣಿ, ಕೊಳೆತ ಹುಲ್ಲು, ಮೇಲೆ ಹಸಿ ಗೋಣಿಚೀಲ, ಅದರ ಕೆಳಗೆ ಲೆಕ್ಕವಿಲ್ಲದಷ್ಟು ಹುಳ. ಯಾರನ್ನು ಕೇಳಿ ಇದನ್ನೆಲ್ಲ ಮಾಡಿದಿರಿ ಎಂದು ಗದರಿದೆ. “ಆಂಟೀನ ಫೋನಲ್ಲಿ ಕೇಳಿದ್ವಿ ಸಾರ್. ಧಾರಾಳವಾಗಿ ಮಾಡ್ಕೊಳ್ಳಿ ಅಂದ್ರು,” ಎಂದಳು ಸಹನಾ. ಬಳ್ಳಾರಿಗೆ ಬಂದು ಶಾರದಾಳನ್ನು ಕೇಳಿದರೆ, “ಹ್ಞೂಂ, ಅಂದೆ. ಮನಿಯಾಗ ಯಾರೂ ಇಲ್ಲ, ಹುಳಾನಾದ್ರೂ ಇರ್ಲಿ ಬಿಡ್ರಿ,” ಎಂದು ಸಾರಿಗೆ ಒಗ್ಗರಣೆ ಹಾಕಿದಳು.

ಇಷ್ಟನ್ನೂ ನಾನು ನುಂಗಿಕೊಂಡಿದ್ದೆ. ನುಂಗಲಾಗದ್ದು ನಡೆದದ್ದು ಸಮಾರಂಭದ ದಿನ. ಗಂಜಿ ಹಾಕಿದ ಅಂಗಿ ತೊಟ್ಟು, ಬೆಳಗಿನ ಬಸ್ಸಿಗೆ ಕುರುಗೋಡಿಗೆ ಹೋಗಿ, ಅಲ್ಲಿಂದ ಊರಿಗೆ ಹೋದೆ. ಪಂಚಾಯಿತಿ ಕಟ್ಟೆಯ ಮುಂದೆ ನೆಲ ಸಾರಿಸಿ, ಬಣ್ಣಬಣ್ಣದ ರಂಗೋಲಿಪುಡಿಯಲ್ಲಿ ಇಡೀ ಊರಿನ ನಕ್ಷೆ ಹಾಕಿದ್ದರು. ಈ ಮಕ್ಕಳು ಹೋದ ಊರಲ್ಲೆಲ್ಲ ಹೀಗೆ ನಕ್ಷೆ ಹಾಕುವುದು ಪದ್ಧತಿಯಂತೆ. ನೀಲಿಯಲ್ಲಿ ಕಾಲುವೆ, ಹಸಿರಿನಲ್ಲಿ ಗದ್ದೆ, ಗುಡಿ, ದರ್ಗಾ, ಹಿಟ್ಟಿನ ಗಿರಣಿ, ಹಾಲಿನ ಡೈರಿ. ತಪ್ಪು ಹುಡುಕುವುದೇ ಕಸುಬಾಗಿದ್ದವನು ನಾನು, ಸುತ್ತು ಹಾಕಿ ನೋಡಿದೆ. ಉತ್ತರ ದಿಕ್ಕು ಸರಿಯಾಗಿತ್ತು. ಕಾಲುವೆ ತಿರುಗಬೇಕಾದಲ್ಲಿ ತಿರುಗಿತ್ತು. ಅರ್ಧ ಅಂಕ ಕಳೆಯಲೂ ಜಾಗವಿರಲಿಲ್ಲ. ಕೊನೆಗೆ ನನ್ನ ಮನೆ ಇರಬೇಕಾದ ಜಾಗಕ್ಕೆ ಬಂದೆ. ಮನೆ ಇತ್ತು. ಅದರ ಮೇಲೆ ಬಿಳಿ ಪುಡಿಯಲ್ಲಿ, ದುಂಡಗಿನ ಅಕ್ಷರದಲ್ಲಿ ‘ಎರೆಹುಳದ ಮನೆ’ ಎಂದು ಬರೆದಿತ್ತು.

ನೀವೇ ಹೇಳಿ, ಇದು ನ್ಯಾಯವೇ? ಗೇಟಿನಲ್ಲಿ ಅಷ್ಟು ದೊಡ್ಡ ಕಲ್ಲಿದೆ. ಆರೂ ಜನ ದಿನಾ ಅದರ ಪಕ್ಕದಲ್ಲೇ ಓಡಾಡಿದ್ದಾರೆ, ಓದು ಬರಹ ಬಲ್ಲವರು. ಸಹನಾಳನ್ನು ಕರೆದು ಇದೇನಮ್ಮ ಎಂದೆ. “ನಾವು ಪುಡಿ ಹಾಕಿದ್ದಷ್ಟೇ ಸಾರ್. ಯಾವ ಮನೆ ಎಲ್ಲಿದೆ, ಅದಕ್ಕೆ ಏನಂತ ಕರೀತಾರೆ ಅಂತ ಊರಿನವ್ರೇ ಹೇಳ್ಬೇಕು. ನಾವು ಬಾಯಿ ಹಾಕೋ ಹಾಗಿಲ್ಲ. ನಮಗೆ ಹಾಗೇ ಹೇಳ್ಕೊಟ್ಟಿರೋದು,” ಎಂದಳು. ಮೂವತ್ತು ವರ್ಷ ನಾನು ಹೇಳಿದ ಜಾಗದಲ್ಲಿ ಮಕ್ಕಳು ಊರು ಗುರುತಿಸಿದ್ದರು. ಈಗ ಊರು ಹೇಳಿದಂತೆ ನಕ್ಷೆ ಬರೆಯುವುದನ್ನು ವಿಶ್ವವಿದ್ಯಾಲಯವೇ ಕಲಿಸುತ್ತಿದೆ. ಅದೆಲ್ಲ ನನಗೆ ಗೊತ್ತಿಲ್ಲ, ಅಳಿಸಿ ಬೇರೆ ಬರಿ ಎಂದೆ. ಪಾಪ, ಹುಡುಗಿ ಅಳಿಸಿ ‘ಜ್ಞಾನದೀಪ’ ಎಂದು ಬರೆದಳು.

ಅಷ್ಟರಲ್ಲಿ ಹುಲಿಗೆಮ್ಮ ಬಂದಳು. ಹೆಂಗಸರ ಸಂಘದ ಹಿರಿಯಳು, ನಾಟಿ ಹಚ್ಚುವುದರಲ್ಲಿ ಊರಿಗೇ ಮುಂದು. ನಕ್ಷೆಗೆ ಮನೆಗಳನ್ನು ಒಂದೊಂದಾಗಿ ಹೇಳಿದವಳು ಅವಳೇ. ಪಕ್ಕದವಳಿಂದ ಓದಿಸಿಕೊಂಡು, “ಇದ್ಯಾವ ಮನಿ? ನಮ್ಮೂರಾಗ ಇಂಥದ್ದು ಇಲ್ಲಲ್ಲ,” ಎಂದಳು. ಸುತ್ತ ನಿಂತವರೂ ಇಲ್ಲ ಇಲ್ಲ ಎಂದರು. ನಾನು ಅಲ್ಲೇ ನಿಂತಿದ್ದೇನೆ, ಗಂಜಿ ಹಾಕಿದ ಅಂಗಿಯಲ್ಲಿ. ಹುಲಿಗೆಮ್ಮ ಕಾಲಿನ ಹೆಬ್ಬೆರಳಿನಿಂದ ‘ಜ್ಞಾನದೀಪ’ವನ್ನು ಒರೆಸಿಹಾಕಿದಳು. ನನಗೆ ತಡೆಯಲಾಗಲಿಲ್ಲ.

“ಹುಲಿಗೆಮ್ಮಕ್ಕ, ಅದು ನನ್ನ ಮನಿ. ಹುಳ ಬರಾಕಿಂತ ಮೊದ್ಲು ಅದಕ್ಕ ಏನಂತಿದ್ರಿ?” ಎಂದೆ.

“ಏನಂತೀವಿ ತಮ್ಮಾ? ಬೀಗದ ಮನಿ ಅಂತಿದ್ವಿ,” ಎಂದಳು. ಅವಳ ಮುಖದಲ್ಲಿ ಕುಚೋದ್ಯವಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಿದ್ದಳು.

ಆಮೇಲೆ ಹುಡುಗಿಯರ ಮೇಷ್ಟ್ರು ಮೈಕು ಹಿಡಿದು ‘ಎರೆಹುಳದ ಮನೆಯ ಮಾಲೀಕರಿಗೆ’ ವಂದನೆ ಹೇಳಿ ಶಾಲು ಹೊದಿಸಿದರು. ನಮ್ಮ ಕಡೆಯ ಬಿಸಿಲಿನಲ್ಲಿ ಶಾಲು ಹೊದ್ದುಕೊಂಡು ಸಿಟ್ಟು ಮಾಡಿ ನೋಡಿ, ಎಷ್ಟು ಕಷ್ಟವೆಂದು ತಿಳಿಯುತ್ತದೆ. ಹೊರಡುವಾಗ ಸಹನಾ ಒಂದು ಹಾಳೆ ಕೊಟ್ಟಳು. ದಿನ ಬಿಟ್ಟು ದಿನ ನೀರು ಚಿಮುಕಿಸಿ, ಗೋಣಿಚೀಲ ಒಣಗಲು ಬಿಡಬೇಡಿ, ಇರುವೆ ಬರದಂತೆ ನೋಡಿಕೊಳ್ಳಿ ಎಂದೆಲ್ಲ ಅದರಲ್ಲಿತ್ತು. “ನಿಮ್ಮನ್ನೇ ನಂಬಿ ಹೋಗ್ತಿದೀವಿ ಸಾರ್,” ಎಂದಳು. ಮನೆಯ ಹೆಸರು ಕಿತ್ತುಕೊಂಡವರು ಹೇಳುವ ಮಾತೇ ಅದು? ಹುಳ ಒಣಗಿ ಹೋದರೆ ಹೆಸರೂ ಹೋದೀತು ಎಂದು ಒಳಗೊಳಗೇ ಲೆಕ್ಕ ಹಾಕಿ, ಹಾಳೆಯನ್ನು ಮಡಚಿ ಜೇಬಿಗಿಟ್ಟೆ. ವಿಶ್ವವಿದ್ಯಾಲಯಕ್ಕೊಂದು ದೂರಿನ ಕಾಗದವನ್ನೂ ಬರೆಯತೊಡಗಿದೆ.

ಎರಡು ವಾರ ಊರಿನ ಕಡೆ ಹೋಗಲಿಲ್ಲ. ಮೂರನೆಯ ಭಾನುವಾರ, ಹುಳ ಸತ್ತದ್ದನ್ನು ಕಣ್ಣಾರೆ ನೋಡಿ ಕಸ ತೆಗೆಸೋಣವೆಂದು ಹೋದರೆ, ಗೇಟಿನ ಮುಂದೆ ಹುಲಿಗೆಮ್ಮ, ಜೊತೆಗೆ ನಾಲ್ಕಾರು ಜನ. ಕಾಂಪೌಂಡಿನ ಹೊರಗಿನಿಂದ ಪೈಪು ಹಾಯಿಸಿ ದಿನ ಬಿಟ್ಟು ದಿನ ನೀರು ಬಿಟ್ಟಿದ್ದರು. “ನಿಮ್ಮ ಹುಳ ಸೊರಗ್ಯಾವ ತಮ್ಮಾ, ಒಳಗ ಬಿಡ್ರಿ,” ಎಂದಳು ಅವಳು, ನನ್ನ ಮಕ್ಕಳಿಗೆ ಜ್ವರ ಬಂದಂತೆ. ಬೀಗ ತೆಗೆದೆ. ಗೋಣಿಚೀಲ ಎತ್ತಿದರೆ ಅವು ಬದುಕಿದ್ದವು. ನನಗೆ ಸಮಾಧಾನವಾಯಿತು. ಆ ಸಮಾಧಾನಕ್ಕೂ ನನಗೆ ಸಿಟ್ಟು ಬಂತು. ಆವತ್ತು ಅವರೆಲ್ಲ ನನ್ನ ಜಗಲಿಯ ಮೇಲೆ ಕೂತು ಚಹಾ ಕುಡಿದರು. ಮನೆ ಕಟ್ಟಿಸಿದ ಮೇಲೆ ಆ ಜಗಲಿಯ ಮೇಲೆ ಊರಿನವರು ಕೂತದ್ದು ಅದೇ ಮೊದಲು. ಅಂದಿನಿಂದ ವಾರಕ್ಕೆ ಮೂರು ಸಲ ಹೋಗುತ್ತಿದ್ದೇನೆ. ದೂರಿನ ಕಾಗದವೂ ಮುಂದುವರಿದಿದೆ. ಮೂರನೆಯ ಕರಡಿನಲ್ಲಿ ಇರುವೆಗೆ ಏನು ಮಾಡಬೇಕೆಂದು ಕೇಳಿದ್ದೇನೆ.

ಮೊನ್ನೆ ಕುರುಗೋಡಿನಲ್ಲಿ ಹತ್ತಿದ ಆಟೋದವನು ಹೊಸಬ, ಖಾಜಾ ಅಂತ. ಎಲ್ಲಿಗೆ ಎಂದು ಕೇಳಿದ. ಊರಿನ ಹೆಸರು ಹೇಳಿ, ಕೊನೆಯ ಆಸೆಯಿಂದ ‘ಜ್ಞಾನದೀಪ’ದ ಹತ್ತಿರ ಇಳಿಸು ಎಂದೆ. ಅವನು ಹಿಂತಿರುಗಿ ನನ್ನ ಮುಖ ನೋಡಿದ. ಹಲ್ಲು ಕಚ್ಚಿ, ಎರೆಹುಳದ ಮನೆ ಎಂದೆ.

“ಹಂಗನ್ರಿ ಮತ್ತ. ಹುಳ ನೋಡಾಕ ಹೊಂಟೀರೇನು? ಅಲ್ಲೊಬ್ರು ಮೇಷ್ಟ್ರು ಅದಾರ, ಅವ್ರನ್ನ ಕೇಳ್ರಿ. ಛಲೋ ತಿಳಿಸಿ ಹೇಳ್ತಾರ,” ಎಂದ.

ಆ ಮೇಷ್ಟ್ರ ಹೆಸರೇನು ಎಂದು ಕೇಳಿದೆ.

“ಹೆಸ್ರು ಗೊತ್ತಿಲ್ರಿ. ಹುಳದ ಮೇಷ್ಟ್ರು ಅಂತಾರ.”

ಗೇಟಿನ ಮುಂದೆ ಇಳಿದೆ. ಕರಿಕಲ್ಲಿನ ಮೇಲೆ ಧೂಳು ಕೂತಿತ್ತು, ‘ಯರು’ ಮಾತ್ರ ಕಾಣುತ್ತಿತ್ತು. ಒರೆಸಬೇಕೆಂದು ಕರ್ಚೀಫು ತೆಗೆದೆ. ಆದರೆ ಬಿಸಿಲು ಏರುತ್ತಿತ್ತು, ಗೋಣಿಚೀಲ ಒಣಗಿರುತ್ತದೆ ಎನ್ನಿಸಿತು. ಕರ್ಚೀಫನ್ನು ತಲೆಗೆ ಕಟ್ಟಿಕೊಂಡು ಬಕೆಟ್ಟು ಹಿಡಿದು ಹಿತ್ತಲಿಗೆ ಹೋದೆ.