ಅಮೆರಿಕದಲ್ಲಿ ಸಿಗದ ಹಾಡು, ಡ್ರೆಸ್ಡೆನ್ನಿನಲ್ಲಿ ಸಿಕ್ಕ ಬಾಂಬು

ಆ ಬುಧವಾರ ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ಡ್ರೆಸ್ಡೆನ್ನಿನ ನಮ್ಮ ಬೀದಿಯ ಎಲ್ಲ ಮೊಬೈಲುಗಳೂ ಒಟ್ಟಿಗೆ ಕಿರುಚಿಕೊಂಡವು. ಕೆಟ್ಟದ್ದು ಶುರುವಾದದ್ದು ಆಗಲೇ ಎಂದು ಎಲ್ಲರೂ ಹೇಳುತ್ತಾರೆ. ನನ್ನನ್ನು ಕೇಳಿದರೆ, ಅದಕ್ಕೂ ಮೂರು ವಾರ ಮೊದಲು ನಾನು ಮೇಲಿನ ಮನೆಯ ಮುದುಕರಿಗೆ ನಗುನಗುತ್ತ ಉಡುಗೊರೆ ಕೊಟ್ಟಾಗಲೇ ಶುರುವಾಗಿತ್ತು. ಧಾರವಾಡದಲ್ಲಿ ಆಟೋದವರ ಜೊತೆ ಗಂಟಲು ಹರಿಯುವಂತೆ ಜಗಳವಾಡಿದವನು ನಾನು. ಆದರೆ ನೆರೆಮನೆಯ ಹಿರಿಯರಿಗೆ "ನಿಮ್ಮಿಂದ ತೊಂದರೆ ಆಗ್ತದ" ಎನ್ನಲು ನನಗೆ ಬಾಯಿ ಬಾರದು. ಇದು ವಂಶದಿಂದ ಬಂದದ್ದು. ಪಕ್ಕದ ಮನೆಯ ಗೇಟಿನ ಕಿರಕಿರ ತಾಳಲಾರದೆ ನಮ್ಮವ್ವ ಒಂದು ದಿನ ಅವರಿಗೆ ಒಂದು ಬಟ್ಟಲು ಕುಸುಬಿ ಎಣ್ಣೆ ಕೊಟ್ಟು, "ಹೊಸಾದು ಬಂದದ, ನೋಡ್ರಿ" ಎಂದಿದ್ದಳು. ಅವರು ಅದರಲ್ಲಿ ಮಿರ್ಚಿ ಭಜಿ ಕರಿದು ನಮಗೂ ನಾಲ್ಕು ಕಳಿಸಿದರು. ಗೇಟು ಕಿರಗುಡುತ್ತಲೇ ಇತ್ತು.

ಮೇಲಿನ ಮನೆಯ ಕ್ರೌಸೆಯವರು ಒಂಟಿ, ನಿವೃತ್ತ ಟ್ರಾಮ್ ಚಾಲಕರು. ಅವರಿಗೆ ಅಮೆರಿಕದ ಕಂಟ್ರಿ ಸಂಗೀತದ ಹುಚ್ಚು. ಅದರಲ್ಲೂ ಒಬ್ಬ ಹಾಡುಗಾರ್ತಿಯ ಒಂದೇ ಒಂದು ಆಲ್ಬಮ್. ಆಕೆ ಜೀವನವಿಡೀ ಕುದುರೆ, ಗದ್ದೆ, ಮುರಿದ ಮದುವೆ ಎಂದು ಹಾಡಿದವಳು. ಇದ್ದಕ್ಕಿದ್ದಂತೆ ಟೊಪ್ಪಿಗೆ ತೆಗೆದಿಟ್ಟು, ಚರ್ಮದ ಜಾಕೀಟು ತೊಟ್ಟು, ಡ್ರಮ್ಮು ಗಿಟಾರುಗಳ ಗದ್ದಲದಲ್ಲಿ ಪಾಪ್ ರಾಕ್ ಹಾಡಿಬಿಟ್ಟಳಂತೆ. ಅದನ್ನು ಸ್ವಂತ ದೇಶದಲ್ಲಿ ಬಿಡುಗಡೆಯನ್ನೇ ಮಾಡದೆ ಜರ್ಮನಿಯಲ್ಲೂ ಅಕ್ಕಪಕ್ಕದಲ್ಲೂ ಮಾರಿದಳಂತೆ. "ಅಲ್ಲಿಯವರಿಗೆ ಈ ಹಾಡುಗಳು ಗೊತ್ತೇ ಇಲ್ಲ. ಇವು ನಮ್ಮವು," ಎಂದು ಕ್ರೌಸೆಯವರು ಸ್ವಂತ ಮಗಳ ಬಗ್ಗೆ ಹೇಳಿಕೊಳ್ಳುವಂತೆ ಹೇಳುತ್ತಿದ್ದರು. ನನಗೆ ತಲೆಬುಡ ತಿಳಿಯಲಿಲ್ಲ. ನಮ್ಮೂರಿನ ಖಯಾಲ್ ಗಾಯಕರೊಬ್ಬರು ಡಿಸ್ಕೋ ಹಾಡಿ, ಅದರ ಕ್ಯಾಸೆಟ್ಟನ್ನು ಧಾರವಾಡ ಬಿಟ್ಟು ಬರೀ ಸೇಲಂನಲ್ಲಿ ಮಾರಿದರೆ ಏನೆಂದು ತಿಳಿಯಬೇಕು? ಊರಿನವರಿಗೆ ಹೆದರಿ ಮಾಡಿದ್ದೋ, ಪರಊರಿನವರನ್ನು ನಂಬಿ ಮಾಡಿದ್ದೋ? ನನ್ನ ಹೆಂಡತಿ ಸುಧಾ ಮಾತ್ರ, "ಅದರಾಗೇನ್ರೀ ಅಷ್ಟು ತಿಳೀಲಾರದ್ದು? ಊರಾಗ ಹುಲಿ, ಇಲ್ಲಿ ಬಂದ್ರ ಬಾಯಿಗೆ ಬೀಗ. ನೀವೂ ಪರದೇಶಕ್ಕಂತನ ಬ್ಯಾರೆ ಮಾಡಿದ ಮಾಲ ಅಲ್ಲೇನು?" ಎಂದಳು.

ತೊಂದರೆಯೆಂದರೆ ಆ ಹಾಡುಗಳು ಪ್ರತಿದಿನ ಊಟವಾದ ಮೇಲೆ ಸರಿಯಾಗಿ ಎರಡಕ್ಕೆ ಶುರುವಾಗುತ್ತಿದ್ದವು, ನನ್ನ ಆಫೀಸಿನ ಮೀಟಿಂಗೂ ಎರಡಕ್ಕೆ. ಮನೆಯಿಂದ ಕೆಲಸ ಮಾಡುವ ನಾನು ಕಂಪ್ಯೂಟರ್ ಚಿಪ್‌ಗಳ ದೋಷಗಳ ಪಟ್ಟಿ ಓದುತ್ತಿದ್ದರೆ ಹಿನ್ನೆಲೆಯಲ್ಲಿ ಡ್ರಮ್ಮು. "ಹೋಗಿ ಸೌಂಡ್ ಕಡಿಮಿ ಮಾಡ್ರಿ ಅನ್ರಿ. ಇಲ್ಲಿ ಮಂದಿ ಹಂಗ ಹೇಳ್ತಾರ, ಯಾರೂ ಸಿಟ್ಟಾಗಂಗಿಲ್ಲ," ಎಂದಳು ಸುಧಾ. ನಾನು ಹೋದೆ. ಹೋಗಿ, ಅವರ ಹುಟ್ಟುಹಬ್ಬದ ನೆಪದಲ್ಲಿ ಒಂದು ಡಬ್ಬಿ ಬೇಸನ್ ಉಂಡಿ, ಜೊತೆಗೆ ಹೊರಗಿನ ಸದ್ದು ಚೂರೂ ಒಳಗೆ ಬಿಡದ ದುಬಾರಿ ಹೆಡ್‌ಫೋನು ಕೊಟ್ಟು ಬಂದೆ. ಮರುದಿನದಿಂದ ಮೇಲೆ ನಿಶ್ಶಬ್ದ. ನನ್ನ ಜಾಣತನಕ್ಕೆ ನಾನೇ ಮೂರು ವಾರ ಬೀಗಿದೆ.

ಆ ಬುಧವಾರ ಮೂರು ಬೀದಿ ಆಚೆ ಅಡಿಪಾಯ ಅಗೆಯುವಾಗ ಎರಡನೇ ಮಹಾಯುದ್ಧದ, ಸಿಡಿಯದೆ ಉಳಿದ ಬಾಂಬು ಸಿಕ್ಕಿತು; ಮೊಬೈಲುಗಳು ಕಿರುಚಿದ್ದು ಅದಕ್ಕೇ. ಈ ಊರಿನಲ್ಲಿ ಅದು ಹೊಸದಲ್ಲ. ಪೊಲೀಸರು ಬಾಗಿಲು ಬಾಗಿಲಿಗೆ ಬಂದು ಹೊರಡಿಸಿದರು. ನಾನು ಪಾಸ್‌ಪೋರ್ಟು, ಸುಧಾ ಒಲೆಯ ಮೇಲಿದ್ದ ಹುಳಿಯ ಪಾತ್ರೆ, ಮಗಳು ಅದಿತಿ ಗಣಿತದ ಪುಸ್ತಕ ಬಿಟ್ಟು ಉಳಿದೆಲ್ಲ ಹಿಡಿದುಕೊಂಡು ಹೊರಟೆವು. ಕ್ರೌಸೆಯವರ ಗಂಟೆ ಒತ್ತಿದೆ. ಉತ್ತರವಿಲ್ಲ. ಊರಾಚೆಯ ತಮ್ಮ ತೋಟಕ್ಕೆ ಹೋಗಿರಬೇಕೆಂದುಕೊಂಡೆ.

ಶಾಲೆಯ ವ್ಯಾಯಾಮದ ಹಾಲ್‌ನಲ್ಲಿ ನಮ್ಮನ್ನು ಕೂರಿಸಿದರು. ಬಾಂಬಿನ ಫ್ಯೂಸು ಹದಗೆಟ್ಟಿದೆ, ಯಾವ ಗಳಿಗೆಯಲ್ಲಾದರೂ ಸಿಡಿಯಬಹುದು ಎಂದು ಯಾರೋ ಹೇಳಿದರು. ಹಾಲ್‌ನಲ್ಲೆಲ್ಲೂ ಕ್ರೌಸೆಯವರಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಆಗ ಸುಧಾ ಹುಳಿಯ ಪಾತ್ರೆ ಕೆಳಗಿಟ್ಟು ನನ್ನ ಮುಖ ನೋಡಿದಳು.

"ರೀ, ಎರಡರ ಮ್ಯಾಲೆ ಅವರು ಏನ್ ಮಾಡ್ತಾರ?"

ಹೆಡ್‌ಫೋನು! ಬಾಗಿಲಲ್ಲಿದ್ದ ಪೊಲೀಸ್ ಮಹಿಳೆಯ ಬಳಿಗೆ ಓಡಿದೆ. "ಮೇಲಿನ ಮನೆಯಲ್ಲಿ ಒಬ್ಬರು ಇನ್ನೂ ಇದ್ದಾರೆ!"

"ಎರಡು ಸಲ ಬಾಗಿಲು ಬಡಿದಿದ್ದೇವೆ. ಅವರಿಗೆ ಕಿವಿ ಕೇಳುವುದಿಲ್ಲವೇ?"

"ಕೇಳುತ್ತದೆ. ಕೇಳದ ಹಾಗೆ ನಾನು ಮಾಡಿದ್ದೇನೆ."

ಆಕೆ ಒಂದು ಕ್ಷಣ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಪಪ್ಪಾ, ಹಾಗೆ ಹೇಳಿದರೆ ನಿನ್ನನ್ನೇ ಹಿಡಿಯುತ್ತಾರೆ," ಎಂದು ಅದಿತಿ ಜರ್ಮನ್‌ನಲ್ಲಿ ಎಚ್ಚರಿಸಿ, ತಾನೇ ಮುಂದೆ ನಿಂತು ಹೆಡ್‌ಫೋನಿನ ಕಥೆ ಬಿಡಿಸಿ ಹೇಳಿದಳು. ಇಬ್ಬರು ಪೊಲೀಸರು ಬಾಂಬಿರುವ ಕಡೆಗೇ ಕಾರು ಓಡಿಸಿದರು. ಮುಂದಿನ ಇಪ್ಪತ್ತಾರು ನಿಮಿಷ ನಾನು ಗೋಡೆಯ ಗಡಿಯಾರವನ್ನೇ ನೋಡುತ್ತ ನಿಂತೆ. ಒಬ್ಬ ಮುದುಕ, ಇಬ್ಬರು ಪೊಲೀಸರು. ಒಂದೇ ಒಂದು ವಾಕ್ಯ ಹೇಳುವುದಾಗದೆ ನಾನು ಮೂರು ಜೀವ ಪಣಕ್ಕಿಟ್ಟಿದ್ದೆ.

ಕ್ರೌಸೆಯವರು ಮನೆಯ ಚಪ್ಪಲಿಯಲ್ಲೇ, ಹೆಡ್‌ಫೋನು ಕೊರಳಿಗೆ ಹಾಕಿಕೊಂಡೇ ಬಂದಿಳಿದರು. "ಬಾಗಿಲು ಒಡೆದರು! ಏಳನೇ ಹಾಡು ಅರ್ಧಕ್ಕೇ ನಿಂತಿತು!" ಸುಧಾ ಅವರಿಗೆ ಕಾಗದದ ಲೋಟದಲ್ಲಿ ಹುಳಿ ಕೊಟ್ಟಳು. ಸಂಜೆ ಆರಕ್ಕೆ ಬಾಂಬು ನಿಷ್ಕ್ರಿಯವಾಯಿತು.

ಬಾಂಬಿನದು ಆಯಿತು, ನನ್ನದು ಆಗಲಿಲ್ಲ. ಹನ್ನೊಂದು ದಿನ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಗಂಟೆ ಒತ್ತುತ್ತಿದ್ದೇನೆ, ಒಳಗೆ ಅವರು ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದಾರೆ. ಹನ್ನೆರಡನೇ ದಿನ ಮಧ್ಯಾಹ್ನ ಮೇಲೆ ಹೋಗಿ, ಬರಿಗೈಯಲ್ಲಿ, ಎಲ್ಲ ಒಪ್ಪಿಕೊಂಡೆ. ಗದ್ದಲ ತಡೆಯಲಾಗಿರಲಿಲ್ಲ, ಅದಕ್ಕೇ ಉಡುಗೊರೆ, ಕ್ಷಮಿಸಿ.

ಅವರು ಗಲಿಬಿಲಿಗೊಂಡರು. "ಹೇಳಿದ್ದರೆ ಸದ್ದು ತಗ್ಗಿಸುತ್ತಿದ್ದೆ. ಅದನ್ನು ಹಾಕಿಕೊಂಡರೆ ನನಗೆ ಕಿವಿ ನೋಯುತ್ತದೆ. ನೀವು ಅಷ್ಟು ಪ್ರೀತಿಯಿಂದ ಕೊಟ್ಟಿರಿ, ಹಾಕಿಕೊಳ್ಳದಿದ್ದರೆ ನಿಮಗೆ ಬೇಜಾರಾದೀತು ಅಂತ ಸುಮ್ಮನಿದ್ದೆ."

ಎಪ್ಪತ್ತು ದಾಟಿದ ಜರ್ಮನ್ನರೊಬ್ಬರಿಗೆ ಮೂರೇ ವಾರದಲ್ಲಿ ನಮ್ಮ ಮನೆತನದ ರೋಗ ಅಂಟಿಸಿದ್ದೆ. ಇನ್ನು ಮುಂದೆ ಏನಿದ್ದರೂ ಮುಖಕ್ಕೇ ಹೇಳೋಣ ಎಂದು ಇಬ್ಬರೂ ಕೈಕುಲುಕಿದೆವು. ಆ ರಾತ್ರಿ ಹತ್ತಕ್ಕೆ ಮಲಗಿದವನು ಬೆಳಗ್ಗೆ ಏಳರವರೆಗೆ ಮಗ್ಗುಲು ಬದಲಿಸಲಿಲ್ಲ. ಎಬ್ಬಿಸಿದ್ದು ಬಾಗಿಲ ಗಂಟೆ. ಕ್ರೌಸೆಯವರು ನಿಂತಿದ್ದರು, ಮಾತಿನ ಪ್ರಕಾರ ನೇರವಾಗಿ ಹೇಳಿದರು: "ನಿಮ್ಮ ಗೊರಕೆಯಿಂದ ನನಗೆ ಇಡೀ ರಾತ್ರಿ ನಿದ್ದೆಯಿಲ್ಲ. ದಯವಿಟ್ಟು ಕಿಟಕಿ ಮುಚ್ಚಿಕೊಳ್ಳಿ."

ಮುಚ್ಚಿಕೊಂಡೆ. ಆದರೂ, ಮುಖದ ಮೇಲೆ ಹೊಡೆದ ಹಾಗೆ ಹಾಗಾ ಹೇಳುವುದು?